ಮುಚ್ಚಿದ ಎಲೆಯ ಊಟ

ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ. ಕೊಳ್ಳಲು ಆಗದೆ ಅಲ್ಲ, ಹಟಕ್ಕೆ. ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟೈಲರ್ ದೇವದಾಸ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಅವರೇ ನನ್ನ ಅಪ್ಪ. ಅವರ ಹೊಲಿಗೆ ಮಷಿನಿನ ಮುಂದೆ ಒಂದೇ ಒಂದು ಸ್ಟೂಲಿತ್ತು. ಭಾನುವಾರ ಬೆಳಿಗ್ಗೆ ಅದನ್ನೂ ಮಷಿನಿನ ಅಡಿಗೆ ತಳ್ಳಿ ಮೇಲೊಂದು ಹಾಸಿಗೆ ಬಟ್ಟೆ ಹೊದಿಸಿಬಿಡುತ್ತಿದ್ದರು. ಭಾನುವಾರ ನಮ್ಮ ನಡುಮನೆ ನಮ್ಮದಾಗಿರುತ್ತಿರಲಿಲ್ಲ. ಊರಿನ ಹತ್ತು ಹನ್ನೆರಡು ಕ್ರೈಸ್ತ ಕುಟುಂಬಗಳಿಗೆ ಆಗಿನ್ನೂ ಸ್ವಂತ ದೇವಾಲಯವಿರಲಿಲ್ಲ, ಆರಾಧನೆ ನಡೆಯುತ್ತಿದ್ದದ್ದು ನಮ್ಮ ಮನೆಯಲ್ಲೇ. ಮಂಚವನ್ನು ಗೋಡೆಗೆ ಒರಗಿಸಿ, ಕಪಾಟಿಗೆ ಪರದೆ ಎಳೆದು, ಚಾಪೆ ಹಾಸಿದರೆ ಮುಗಿಯಿತು. ಬಂದವರೆಲ್ಲ ಚಾಪೆಯ ಮೇಲೆ. ಸಾಗರದಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಪಾದ್ರಿ ಅಯ್ಯನವರೂ ಚಾಪೆಯ ಮೇಲೆಯೇ. ಚಿನ್ನದುಂಗುರದವನಿಗೆ ಒಳ್ಳೆಯ ಜಾಗ ತೋರಿಸಿ, ಹರಕು ಬಟ್ಟೆಯವನಿಗೆ ಅಲ್ಲೇ ನಿಂತಿರು ಎನ್ನುವುದು ಪಾಪ ಎಂದು ಬೈಬಲಿನ ಯಾಕೋಬನ ಪತ್ರಿಕೆಯಲ್ಲಿ ಇದೆಯಲ್ಲ, ಅಪ್ಪ ಅದನ್ನು ಅಕ್ಷರಶಃ ಪಾಲಿಸಿದವರು. ಯಾರಾದರೂ ಒಂದು ಕುರ್ಚಿ ತರಬಾರದೇ ಎಂದರೆ ಅವರಿಗೆ ಎಲ್ಲಿಲ್ಲದ ಖುಷಿ. ಆ ಭಾಗವನ್ನು ಮತ್ತೊಮ್ಮೆ ಹೇಳಲು ಅವಕಾಶ ಸಿಕ್ಕಿತಲ್ಲ ಎಂದು.

ಅಯ್ಯನವರು ಬರುತ್ತಿದ್ದ ತಿಂಗಳ ಮೊದಲ ಭಾನುವಾರ ಆರಾಧನೆಯ ನಂತರ ಎಲ್ಲರಿಗೂ ನಮ್ಮಲ್ಲೇ ಊಟ. ಪ್ರೀತಿಭೋಜನ ಎಂದು ಅದರ ಹೆಸರು. ಅಮ್ಮ ಹಿಂದಿನ ದಿನವೇ ಅಕ್ಕಿ ತರಿ ಮಾಡಿಟ್ಟು, ಬೆಳಗಾಗುವುದರೊಳಗೆ ಕಡುಬು ಕಟ್ಟಲು ಕೂರುತ್ತಿದ್ದಳು. ಎರಡು ಊರುಕೋಳಿಯ ಸಾರು, ಮೂವತ್ತು ಮೂವತ್ತೈದು ಬಾಯಿ. ಹಿಂದಿನ ಉದ್ದನೆಯ ಪಡಸಾಲೆಯಲ್ಲಿ ಎರಡು ಸಾಲು ಎಲೆ ಹಾಕುತ್ತಿದ್ದೆವು. ಆ ಎಲೆ, ಸಾರಿನ ದೊನ್ನೆ ಎರಡನ್ನೂ ತರುತ್ತಿದ್ದವಳು ರೂತಮ್ಮ. ನಿಟ್ಟೂರಿನ ಕಡೆಯವಳು, ಗಂಡ ಇಲ್ಲ, ಕಾಡಿನಿಂದ ಎಲೆ ತಂದು ಕಡ್ಡಿಯಿಂದ ಚುಚ್ಚಿ ಊಟದೆಲೆ, ದೊನ್ನೆ ಮಾಡಿ ಹೋಟೆಲಿಗೆ ಹಾಕಿ ಬದುಕುತ್ತಿದ್ದಳು. ಮೊದಲ ಬಸ್ಸಿಗೆ ಎಲೆಯ ಕಟ್ಟು ಹೊತ್ತು ಬರುತ್ತಿದ್ದಳು. ದೇವರಿಗೆ ತನ್ನ ಕಾಣಿಕೆ ಅಷ್ಟೇ ಎನ್ನುತ್ತಿದ್ದಳು. ಅವಳಿದ್ದ ಕಡೆ ನಗು ಇರುತ್ತಿತ್ತು, ನನಗೆ ಅವಳೆಂದರೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದನ್ನು ಓದಿ ಬೇರೆ ಏನನ್ನೋ ಅಂದುಕೊಳ್ಳಬಾರದು ನೋಡಿ.

ಇನ್ನೊಬ್ಬರು ಮಿಲ್ಲಿನ ಸಾಹುಕಾರರು. ತೀರ್ಥಹಳ್ಳಿ ರಸ್ತೆಯಲ್ಲಿ ಅವರ ಅಕ್ಕಿ ಮಿಲ್ಲು. ನಮ್ಮ ಸಭೆಯಲ್ಲಿ ಜೀಪು ಇದ್ದದ್ದು ಅವರೊಬ್ಬರಿಗೇ. ಅಯ್ಯನವರನ್ನು ಸಾಗರದಿಂದ ಕರೆತರುತ್ತಿದ್ದದ್ದು ಆ ಜೀಪು, ಊಟದ ಅಕ್ಕಿ ಬರುತ್ತಿದ್ದದ್ದು ಆ ಮಿಲ್ಲಿನಿಂದ. ಕೆಟ್ಟವರಲ್ಲ. ಚಾಪೆಯ ಮೇಲೆ ಎಲ್ಲರೊಂದಿಗೆ ಕೂರುತ್ತಿದ್ದರು, ಗೊಣಗುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಿಲ್ಲಿನ ಪಕ್ಕದ ಖಾಲಿ ಜಾಗವನ್ನು ದೇವಾಲಯ ಕಟ್ಟಲು ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಕಾಗದಪತ್ರ ಮಾತ್ರ ಆಗಿರಲಿಲ್ಲ. ಅಪ್ಪ ಮದುವೆಯಾದ ವರ್ಷದಿಂದ ಕಾಣುತ್ತಿದ್ದ ಕನಸು ಅದು. ಸಂಜೆ ಹೊತ್ತು ನನ್ನನ್ನು ಕರೆದುಕೊಂಡು ಹೋಗಿ ಆ ಜಾಗದಲ್ಲಿ ನಿಂತು, ಬಾಗಿಲು ಈ ಕಡೆ, ಗಂಟೆ ಆ ಕಡೆ ಎಂದು ತೋರಿಸುತ್ತಿದ್ದರು. ನನಗೂ ಆಸೆಯಿತ್ತು. ದೇವಾಲಯ ಆದರೆ ಭಾನುವಾರ ನಡುಮನೆ ನಮ್ಮದಾಗುತ್ತದೆ, ಒಂದು ದಿನವಾದರೂ ಒಂಬತ್ತರವರೆಗೆ ಮಲಗಬಹುದು ಎಂದು.

ಸಾರು ಬಡಿಸುತ್ತಿದ್ದವರು ಅಪ್ಪನ ಅಕ್ಕ, ನನ್ನ ಅತ್ತೆ. ಅಮ್ಮ ಒಲೆಯ ಮುಂದೆ, ಪಡಸಾಲೆಗೆ ಬೆನ್ನು ಹಾಕಿ ಬಿಸಿ ಕಡುಬು ತೆಗೆಯುತ್ತಿದ್ದಳು. ಅಪ್ಪ ಸಾಲಿನ ಉದ್ದಕ್ಕೂ ಓಡಾಡುತ್ತ ಉಪಚಾರ ಮಾಡುತ್ತಿದ್ದರು. ಕೆಲವರ ಮುಂದೆ ಬಂದಾಗ ಮಾತ್ರ ಮೆಲ್ಲಗೆ, "ಅಕ್ಕಾ, ಇಲ್ಲಿಗೆ ಸ್ವಲ್ಪ ಕೆಳಗಿಂದ" ಎನ್ನುತ್ತಿದ್ದರು. ಕೋಳಿಯ ತುಂಡೆಲ್ಲ ತಪ್ಪಲೆಯ ತಳದಲ್ಲಿರುತ್ತದೆ, ಮೇಲೆ ಇರುವುದು ತಿಳಿ. ಸೌಟು ತಳ ಮುಟ್ಟಿ ಬಂದರೆ ಕಾಲು, ತೊಡೆ. ಮೇಲ್ಮೇಲೆ ಮುಳುಗಿ ಬಂದರೆ ಕುತ್ತಿಗೆ, ಇಲ್ಲವೇ ಬರೀ ಸಾರು. ಎರಡು ಕೋಳಿಗೆ ನಾಲ್ಕು ಕಾಲು. ಒಂದು ಅಯ್ಯನವರಿಗೆ, ಒಂದು ಸಾಹುಕಾರರಿಗೆ, ಒಂದು ಅವರ ಹೆಂಡತಿಗೆ. ನಾಲ್ಕನೆಯದು ಬಡಿಸಿದವರಿಗೆ, ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಇದು ಭೇದ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಭೇದ ಅಂದರೆ ಕುರ್ಚಿ. ಕುರ್ಚಿ ನಮ್ಮಲ್ಲಿ ಇರಲಿಲ್ಲವಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ ಅತ್ತೆ ಮಗಳ ಬಾಣಂತನಕ್ಕೆಂದು ಹೋದರು, ಸೌಟು ನನ್ನ ಕೈಗೆ ಬಂತು. ಅದೇ ಭಾನುವಾರ ಮಕ್ಕಳ ಬಾಯಿಪಾಠ. ಅಪ್ಪ ನನಗೆ ಕಲಿಸಿದ್ದು ಯಾವುದನ್ನು ಎಂದು ಬೇರೆ ಹೇಳಬೇಕಾಗಿಲ್ಲ. ಹೊಸ ಲಂಗ ಹಾಕಿ, ಎರಡು ಜಡೆ ಕಟ್ಟಿ, ಎಲ್ಲರ ಮುಂದೆ ನಿಂತು ಚಿನ್ನದುಂಗುರದವನ, ಹರಕು ಬಟ್ಟೆಯವನ ಭಾಗವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದೆ. ಅಯ್ಯನವರು ತಲೆ ಸವರಿದರು. ಸಾಹುಕಾರರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಅಪ್ಪನ ಕಣ್ಣಲ್ಲಿ ನೀರು. ಅರ್ಧ ಗಂಟೆ ಕಳೆಯುವುದರೊಳಗೆ ನಾನು ಸೌಟು ಹಿಡಿದು ಸಾಲಿನ ತುದಿಯಲ್ಲಿದ್ದೆ. ಅಪ್ಪ ಹೇಳಬೇಕಾಗಲೂ ಇಲ್ಲ. ಅತ್ತೆಯ ಕೈ ನೋಡಿ ನೋಡಿ ನನಗೆ ಎಲ್ಲಾ ಬರುತ್ತಿತ್ತು. ಸಾಹುಕಾರರ ದೊನ್ನೆಗೆ ತಳ ಕೆದಕಿ ಕಾಲು ಹಾಕಿದೆ. ಸಾಲಿನ ಕೊನೆಯಲ್ಲಿ ರೂತಮ್ಮ ಕೂತಿದ್ದಳು. ಅವಳಿಗೆ ಮೇಲಿನ ತಿಳಿ, ಅದರೊಳಗೊಂದು ಕುತ್ತಿಗೆಯ ಚೂರು. ಅವಳು ತಾನೇ ಕಟ್ಟಿದ ದೊನ್ನೆಯನ್ನು ಒಮ್ಮೆ ನೋಡಿ, ನನ್ನ ಮುಖ ನೋಡಿ ನಕ್ಕಳು.

"ಎಷ್ಟ್ ಚಂದ ಹೇಳ್ದೆ ಮಾರಾಯ್ತಿ ಇವತ್ತು! ಕುರ್ಚಿ ಇಲ್ದಿದ್ರೆ ಎಂತಾಯ್ತು ಪುಟ್ಟಿ, ನಿಮ್ಮನೆ ಸೌಟಿಗೆ ಎಲ್ರ ಗುರ್ತೂ ಉಂಟಲ್ಲ."

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ. ಎಲ್ಲರೂ ಹೋದ ಮೇಲೆ, ಪಾತ್ರೆ ತೊಳೆಯುತ್ತಿದ್ದ ಅಮ್ಮನ ಪಕ್ಕ ಕೂತು ಆ ದಿನ ನನಗೆ ಬಂದ ಮೆಚ್ಚುಗೆಗಳನ್ನೆಲ್ಲ ಒಂದೊಂದಾಗಿ ಹೇಳುತ್ತ, ಕೊನೆಗೆ ಇದನ್ನೂ ಹೇಳಿದೆ. ಅಮ್ಮನ ಕೈ ನಿಂತಿತು.

"ಯಾರಿಗೆ ಎಂತ ಹಾಕ್ದೆ ನೀನು?"

ಹೇಳಿದೆ. ಬೆರಳು ಮಡಚಿ, ಯಾರಿಗೆ ಕಾಲು, ಯಾರಿಗೆ ಬರೀ ಸಾರು ಎಂದು ಸಾಲಿನ ಪ್ರಕಾರ ಹೇಳಿದೆ. ಅತ್ತೆ ಹೇಗೆ ಹಾಕುತ್ತಿದ್ದರು, ಅಪ್ಪ ಏನು ಹೇಳುತ್ತಿದ್ದರು ಎಂಬುದನ್ನೂ ಹೇಳಿದೆ. ಇಷ್ಟು ವರ್ಷ ಅಮ್ಮ ಅಡಿಗೆ ಮಾಡಿದ್ದಳು, ಬಡಿಸುವುದನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬೂದಿ ಮೆತ್ತಿದ ಕೈಯಲ್ಲೇ ಗೋಡೆಗೆ ಒರಗಿ ಕೂತಳು.

"ನಾನು ಬೋರ್ಡಿಂಗಲ್ಲಿ ಓದಿದ್ದು ಗೊತ್ತುಂಟಲ್ಲ ನಿಂಗೆ. ಅಲ್ಲಿ ಫೀಸು ಕಟ್ಟೋರ ಮಕ್ಳು ಮೊದ್ಲು ಕೂರೋರು. ನಮ್ಮಂಥ ಧರ್ಮಕ್ಕೆ ಇದ್ದೋರು ಕೊನೆಗೆ. ಸಾಲೂ ಒಂದೇ, ಪಾತ್ರೆನೂ ಒಂದೇ. ಏಳು ವರ್ಷ ನಾನು ಸಾರಲ್ಲಿ ಬೇಳೆ ಕಂಡಿಲ್ಲ ಪುಟ್ಟಿ. ಬಡಿಸೋ ಅಕ್ಕನ ಕೈನೇ ನೋಡ್ತಾ ಕೂತಿರ್ತಿದ್ದೆ, ಇವತ್ತಾದ್ರೂ ಸೌಟು ಕೆಳಗೆ ಹೋಗ್ತದಾ ಅಂತ. ಈಗ ನನ್ನ ಮನೇಲಿ, ನನ್ನ ಮಗಳ ಕೈಯಲ್ಲಿ..."

ನನಗೆ ಆಗ ಅರ್ಥವಾಯಿತು. ಬೆಳಿಗ್ಗೆ ಬಾಯಲ್ಲಿ ಹೇಳಿದ್ದಕ್ಕೂ ಮಧ್ಯಾಹ್ನ ಕೈಯಲ್ಲಿ ಮಾಡಿದ್ದಕ್ಕೂ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ, ಆದರೂ ನನಗೆ ಹೊಳೆದಿರಲಿಲ್ಲ. ತುಂಬಾ ನಾಚಿಕೆಯಾಯಿತು. ಸಾಹುಕಾರರ ಪೆನ್ನನ್ನು ಎಷ್ಟೋ ದಿನ ಮುಟ್ಟಲಿಲ್ಲ. ಆಮೇಲೆ ಮುಟ್ಟಿದೆ ಅನ್ನಿ, ಒಳ್ಳೆಯ ಪೆನ್ನು.

ಮರುತಿಂಗಳ ಮೊದಲ ಭಾನುವಾರ ಅಮ್ಮ ಅಪ್ಪನಿಗೆ ಒಂದು ಮಾತೂ ಹೇಳಲಿಲ್ಲ. ರೂತಮ್ಮನಿಗೆ ಮಾತ್ರ ಎಲೆ ಎರಡು ಪಟ್ಟು ತರಲು ಹೇಳಿಕಳಿಸಿದ್ದಳು. ನಡುಮನೆಯಲ್ಲಿ ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ನಡೆಯುತ್ತಿರುವಾಗಲೇ ನನ್ನನ್ನು ಕಣ್ಸನ್ನೆಯಲ್ಲಿ ಹಿಂದೆ ಕರೆದಳು. ಇಬ್ಬರೂ ಎಲೆ ಹಾಕಿದೆವು. ಪ್ರತಿ ಎಲೆಗೆ ಎರಡು ಕಡುಬು, ಒಂದು ದೊನ್ನೆ. ತಪ್ಪಲೆಯ ಸಾರನ್ನು ಪ್ರತಿ ಸಲವೂ ತಳದಿಂದ ಕಲಕಿ, ಸೌಟಿಗೆ ಬಂದದ್ದನ್ನು ಹಾಕುತ್ತ ಹೋದಳು. ಹಾಕಿದ ಮೇಲೆ ಇನ್ನೊಂದು ಎಲೆಯನ್ನು ಬೋರಲಾಗಿ ಮುಚ್ಚುವುದು ನನ್ನ ಕೆಲಸ. ಸಾಹುಕಾರರು ಕೂರುವ ಜಾಗ ನನಗೆ ಗೊತ್ತಿತ್ತು, ಕಿಟಕಿಯ ಕೆಳಗೆ ಮೂರನೆಯದು. ದೇವಾಲಯದ ಜಾಗ ನೆನಪಾಯಿತು, ಅಪ್ಪನ ಮುಖ ನೆನಪಾಯಿತು. ಒಂದು ಕಾಲು ಬಿದ್ದ ಎಲೆಯನ್ನು ಮೆಲ್ಲಗೆ ಅಲ್ಲಿಗೆ ಸರಿಸಿದೆ. ಅಮ್ಮ ನೋಡಿಯೂ ನೋಡದವಳಂತೆ ಇದ್ದಳು. ಎಲ್ಲಾ ಮುಚ್ಚಿ ಆದ ಮೇಲೆ, ನನ್ನನ್ನು ನೀರು ತರಲು ಕಳಿಸಿ, ನಾನು ಬರುವುದರೊಳಗೆ ಎಲೆಗಳನ್ನೆಲ್ಲ ಅದಲು ಬದಲು ಮಾಡಿಟ್ಟಿದ್ದಳು. ನನ್ನ ಕಳ್ಳತನ ಎಲ್ಲಿಗೆ ಹೋಯಿತೋ ನನಗೇ ತಿಳಿಯದು.

ಕೀರ್ತನೆ ಮುಗಿಸಿ ಹಿಂದೆ ಬಂದವರೆಲ್ಲ ಬಾಗಿಲಲ್ಲೇ ನಿಂತರು. ನಮ್ಮ ಕಡೆ ಊಟಕ್ಕೆ ಜನ ಕೂತ ಮೇಲೆ ಬಡಿಸುವುದು ಪದ್ಧತಿ. ಖಾಲಿ ಮಣೆಯ ಮುಂದೆ ತುಂಬಿದ ಎಲೆ ಇಡುವುದು ಸತ್ತವರಿಗೆ ಮಾತ್ರ. ನಾವು ಆ ಕ್ರಮ ಮಾಡುವವರಲ್ಲ, ಆದರೆ ಹುಟ್ಟಿ ಬೆಳೆದದ್ದು ಅದೇ ಓಣಿಗಳಲ್ಲಿ. ಅಪ್ಪ ಅಮ್ಮನ ಹತ್ತಿರ ಬಂದು ಹಲ್ಲು ಕಚ್ಚಿ ಕೇಳಿದರು.

"ಇದೆಂತ ದಯಾ? ತಿಥಿಗೆ ಇಟ್ಟ ಹಾಗೆ! ಜನ ಎಂತ ತಿಳ್ಕೊಳ್ತಾರೆ?"

ಅಮ್ಮ ಸೆರಗು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅಷ್ಟು ಜನರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಎಲ್ಲಾ ಬನ್ನಿ, ಯಾರಿಗೆ ಎಲ್ಲಿ ಬೇಕೋ ಅಲ್ಲಿ ಕೂತ್ಕೊಳ್ಳಿ. ಯಾರ ಎಲೇಲಿ ಎಂತ ಉಂಟು ಅಂತ ಬಡಿಸ್ದೋಳಿಗೂ ಗೊತ್ತಿಲ್ಲ. ಅಯ್ಯನವ್ರು ಪ್ರಾರ್ಥನೆ ಮಾಡಿದ್ಮೇಲೆ ತೆಗೀರಿ."

ಅಯ್ಯನವರು ಒಂದು ಕ್ಷಣ ಅಮ್ಮನನ್ನು ನೋಡಿದರು, ಎದುರಿಗೆ ಸಿಕ್ಕ ಎಲೆಯ ಮುಂದೆ ಕೂತುಬಿಟ್ಟರು. ಅವರು ಕೂತ ಮೇಲೆ ಉಳಿದವರೂ ಕೂತರು. ಪ್ರಾರ್ಥನೆ ಆಯಿತು. ಮುಚ್ಚಿದ ಎಲೆಗಳು ಒಟ್ಟಿಗೆ ಮೇಲೆದ್ದವು. ಅಯ್ಯನವರು ದೊನ್ನೆಯಲ್ಲಿ ಬೆರಳಾಡಿಸಿ, "ನಂಗೆ ರೆಕ್ಕೆ ಬಂತು" ಎಂದು ನಕ್ಕರು. ಮಕ್ಕಳು ನಕ್ಕರು. ಕಿಟಕಿಯ ಕೆಳಗೆ ಯಾರೂ ನಗಲಿಲ್ಲ. ಸಾಹುಕಾರರ ದೊನ್ನೆಯಲ್ಲಿ ಇದ್ದದ್ದು ಕುತ್ತಿಗೆ. ಅವರು ಅದನ್ನು ಎತ್ತಿ ನೋಡಿದರು, ಮತ್ತೆ ಇಟ್ಟರು. ಅವರ ಎದುರಿನ ಸಾಲಿನಲ್ಲಿ ಕೂತಿದ್ದ ಅಪ್ಪನ ದೊನ್ನೆಯಿಂದ ಒಂದು ಕೋಳಿಯ ಕಾಲು ಎದ್ದು ಕಾಣುತ್ತಿತ್ತು. ಉಳಿದ ಮೂರು ಎಲ್ಲಿಗೆ ಹೋದವೋ ನೆನಪಿಲ್ಲ, ಆ ಒಂದು ಮಾತ್ರ ಈಗಲೂ ಕಣ್ಣ ಮುಂದಿದೆ. ಅಪ್ಪ ಬೆವರಿದರು. ಅರ್ಧ ಎದ್ದು, ದೊನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಸಾಹುಕಾರರ ಕಡೆ ಚಾಚಿದರು.

"ತಗೊಳ್ಳಿ ಸಾಹುಕಾರ್ರೇ, ಏನೋ ಗೊತ್ತಾಗ್ದೆ..."

"ರೀ" ಎಂದಳು ಅಮ್ಮ. ಜೋರಾಗೇನೂ ಅಲ್ಲ. "ಅದು ನಿಮ್ಮ ಎಲೆ. ಊಟ ಮಾಡಿ."

ಗಂಡನಿಗೆ, ಅದೂ ಇಡೀ ಸಭೆಯ ಮುಂದೆ. ನಾನು ನೀರಿನ ಚೆಂಬು ಹಿಡಿದು ನಿಂತಲ್ಲೇ ನಿಂತಿದ್ದೆ. ಎಲ್ಲಾ ಹೋಯಿತು ಅನ್ನಿಸಿತು. ಜಾಗ, ಬಾಗಿಲು, ಗಂಟೆ. ಆದರೆ ಅಮ್ಮನನ್ನು ನೋಡಿದಾಗ ಎದೆ ಉಬ್ಬಿತು ಎಂದರೆ ಸುಳ್ಳಲ್ಲ. ಮಸಿ ಹಿಡಿದ ಸೀರೆಯಲ್ಲಿ, ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಅಪ್ಪ ಕೂತರು. ಆ ಕಾಲನ್ನು ಕಷಾಯ ಕುಡಿದ ಹಾಗೆ ಮುಖ ಮಾಡಿಕೊಂಡು ತಿಂದರು. ಸಾಲಿನ ನಡುವೆ ಎಲ್ಲೋ ಕೂತಿದ್ದ ರೂತಮ್ಮ ತನ್ನ ದೊನ್ನೆಯಲ್ಲಿ ಏನಿದೆ ಎಂದು ನೋಡಲೇ ಇಲ್ಲ, ಅಮ್ಮನನ್ನೇ ನೋಡುತ್ತಿದ್ದಳು. ಸಾಹುಕಾರರು ಕಡುಬು ತಿಂದು, ಕುತ್ತಿಗೆಯನ್ನು ಹಾಗೇ ಬಿಟ್ಟು, ಕೈ ತೊಳೆದು, ಹೆಂಡತಿಯನ್ನು ಕರೆದುಕೊಂಡು ಹೊರಟರು. ಸಂಜೆ ಅಯ್ಯನವರು ಬಸ್ಸಿನಲ್ಲಿ ಹೋದರು.

ಆ ಮಧ್ಯಾಹ್ನ ಅಪ್ಪ ಮಷಿನಿನ ಮುಂದೆ ಕೂತರು. ಭಾನುವಾರ ಅವರು ಸೂಜಿ ಮುಟ್ಟುವವರಲ್ಲ. ಬಟ್ಟೆ ಇಲ್ಲ, ದಾರ ಇಲ್ಲ, ಸುಮ್ಮನೆ ಪೆಡಲ್ ತುಳಿಯುತ್ತಲೇ ಇದ್ದರು. ಆ ಸದ್ದಿನ ಮೇಲೆಯೇ ಜಗಳ ನಡೆಯಿತು.

"ಹದಿನೈದು ವರ್ಷ ಕಾದಿದ್ದು ದಯಾ! ಒಂದು ಕೋಳಿ ಕಾಲಿಗೆ ಕಳೆದ್ಯಲ್ಲ."

"ಕೋಳಿ ಕಾಲು ಕೊಟ್ಟು ತಗೊಳ್ಳೋ ಜಾಗದಲ್ಲಿ ಎಂತ ಓದ್ತೀರಿ ನೀವು? ಅದೇ ಪತ್ರಿಕೆ ಓದ್ತೀರಾ?"

"ನಾನು ಯಾರಿಗಾದ್ರೂ ಕುರ್ಚಿ ಹಾಕಿದೀನಾ? ಹೇಳು, ಹಾಕಿದೀನಾ?"

"ಇಲ್ಲ. ಕುರ್ಚಿ ಹಾಕ್ಲಿಲ್ಲ. ಕೆಳಗಿಂದ ಹಾಕು ಅಂದ್ರಿ."

ಪೆಡಲ್ ನಿಂತಿತು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ಅವರು ನನ್ನನ್ನು ಕರೆದು, ಆ ಭಾಗವನ್ನು ಇನ್ನೊಮ್ಮೆ ಒಪ್ಪಿಸು ಎಂದರು. ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಎದ್ದು ಅಡಿಗೆಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಿಸಿಕೊಳ್ಳಲಿಲ್ಲ, ಆ ದಿನ ಸಂಜೆ ಮಾತ್ರ ಇಬ್ಬರೂ ಒಟ್ಟಿಗೆ ಕಾಫಿ ಕುಡಿದರು.

ಮರುತಿಂಗಳು ಮಿಲ್ಲಿನಿಂದ ಅಕ್ಕಿ ಬರಲಿಲ್ಲ, ಜೀಪೂ ಬರಲಿಲ್ಲ. ಅಯ್ಯನವರು ಕೊಡೆ ಹಿಡಿದು ಬಸ್ಸಿಳಿದರು. ಸಭೆಯ ಹೆಂಗಸರು ಒಬ್ಬೊಬ್ಬರಾಗಿ ಸೆರಗಿನ ಮರೆಯಲ್ಲಿ ಒಂದೊಂದು ಪಾವು ಅಕ್ಕಿ ತಂದು ಅಮ್ಮನ ಮೊರಕ್ಕೆ ಸುರಿದರು. ಒಬ್ಬರದು ಸಣ್ಣಕ್ಕಿ, ಒಬ್ಬರದು ಕೆಂಪಕ್ಕಿ, ಒಬ್ಬರದು ರೇಷನ್ನಿನದು. ಆ ದಿನದ ಕಡುಬು ನೋಡಲು ಚೆನ್ನಾಗಿರಲಿಲ್ಲ, ಅದನ್ನೂ ಹೇಳಬೇಕು. ಬಸ್ ಸ್ಟ್ಯಾಂಡಿಗೆ ಹೋಗಿ ರೂತಮ್ಮನ ತಲೆಯಿಂದ ಎಲೆಯ ಕಟ್ಟನ್ನು ಇಳಿಸಿಕೊಂಡು ಬಂದವರು ಅಪ್ಪ. ಹೊಲಿಗೆಯ ಟೇಪು ಹಿಡಿದು ಅಳೆದ ಹಾಗೆ ನೇರ ಸಾಲು ಹಾಕಿದರು. ಅಮ್ಮ ಬಡಿಸುತ್ತ ಹೋದಳು, ಅಪ್ಪ ಅವಳ ಹಿಂದೆ ಒಂದೊಂದೇ ಎಲೆ ಮುಚ್ಚುತ್ತ ಬಂದರು. ಕೊನೆಗೆ ಅದಲು ಬದಲು ಮಾಡಿದ್ದೂ ಅವರೇ, ನಮ್ಮಿಬ್ಬರನ್ನೂ ಒಳಗೆ ಕಳಿಸಿ.

ಆ ಜಾಗದಲ್ಲಿ ಮುಂದೆ ಸಾಹುಕಾರರು ಗೋದಾಮು ಕಟ್ಟಿದರು. ನಮ್ಮ ನಡುಮನೆಯಲ್ಲಿ ಇನ್ನೂ ಹದಿಮೂರು ವರ್ಷ ಆರಾಧನೆ ನಡೆಯಿತು. ನಾನು ಓದು ಮುಗಿಸಿ ನರ್ಸ್ ಕೆಲಸಕ್ಕೆ ಸೇರುವವರೆಗೂ ಭಾನುವಾರ ಒಂಬತ್ತರವರೆಗೆ ಮಲಗಲಿಲ್ಲ. ಕೆಲಸದಲ್ಲಿ ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಹೊರರೋಗಿಗಳ ಚೀಟಿಗಳನ್ನು ಬಂದ ಸಾಲಿನಂತೆ ಮುಖ ಕೆಳಗೆ ಮಾಡಿ ಇಟ್ಟುಕೊಂಡು, ಒಂದೊಂದೇ ತಿರುವಿ ಹೆಸರು ಕೂಗುತ್ತಿದ್ದೆ. ಕೌಂಟರಿನ ಮೇಲೆ ಮೊಣಕೈ ಊರಿ ತಾವು ಯಾರೆಂದು ಹೇಳುವವರಿಗೆ, ನಿಮ್ಮ ಚೀಟಿ ಬಂದಾಗ ಗೊತ್ತಾಗುತ್ತೆ ಎನ್ನುತ್ತಿದ್ದೆ. ಜಂಬದವಳು ಎಂದು ಹೆಸರು ಬಂತು. ಇರಲಿ, ಜಂಬವೇ. ಯಾರ ಮಗಳು ನಾನು!

ಅಮ್ಮ ತೀರಿಕೊಂಡಾಗ ಸಾಹುಕಾರರು ಬಂದಿದ್ದರು. ತುಂಬಾ ಮುದುಕರಾಗಿದ್ದರು. ಚಾಪೆಯ ಮೇಲೆ ಕೂರಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಊಟದ ಹೊತ್ತಿಗೆ ಹೊರಡುತ್ತಾರೆ ಅಂದುಕೊಂಡೆ, ಹೊರಡಲಿಲ್ಲ. ಎಲೆ ಮುಚ್ಚಿಟ್ಟಿದ್ದೆವು. ಒಂದು ಎಲೆಯ ಮುಂದೆ ಕೂತು, ತೆಗೆದು, ನಿಧಾನವಾಗಿ ಊಟ ಮಾಡಿದರು. ಅವರಿಗೆ ಏನು ಬಂದಿತ್ತೆಂದು ನಾನು ನೋಡಲಿಲ್ಲ. ನೋಡಬಾರದೆಂದೇ ಅಲ್ಲವೇ ಮುಚ್ಚಿದ್ದು.

ಈಗ ಊರಿನಲ್ಲಿ ದೇವಾಲಯವಿದೆ, ಸಣ್ಣದು, ಎಲ್ಲರೂ ಸೇರಿ ಕಟ್ಟಿದ್ದು. ಅಪ್ಪ ಅದನ್ನು ನೋಡಿಯೇ ಹೋದರು. ಮಂಡಿನೋವಿನವರಿಗೆ ಪ್ಲಾಸ್ಟಿಕ್ ಕುರ್ಚಿಯೂ ಬಂದಿದೆ. ನಾನೂ ಅದರಲ್ಲೇ ಕೂರುತ್ತೇನೆ. ನಾನಿರುವುದು ಸಾಗರದಲ್ಲಿ, ಹೋಗುವುದು ವರ್ಷಕ್ಕೆ ಎರಡೋ ಮೂರೋ ಸಲ. ಹೋದ ತಿಂಗಳು ಪ್ರೀತಿಭೋಜನಕ್ಕೆ ಹೋಗಿದ್ದೆ. ಸಾಲು ಮೇಜು, ಅಡಿಕೆ ಹಾಳೆಯ ತಟ್ಟೆ, ಪ್ರತಿ ತಟ್ಟೆಯ ಮೇಲೆ ಬೋರಲಾಗಿ ಇನ್ನೊಂದು ತಟ್ಟೆ. ನೀರು ಕೊಡುತ್ತಿದ್ದ ಹುಡುಗಿಯನ್ನು, ಇದೇಕೆ ಹೀಗೆ ಮುಚ್ಚಿದ್ದೀರಿ ಎಂದು ಬೇಕೆಂದೇ ಕೇಳಿದೆ.

"ನೊಣ ಕೂರ್ಬಾರ್ದು ಅಂತ ಅಜ್ಜಿ. ಇಲ್ಲಿ ಮೊದ್ಲಿಂದ್ಲೂ ಹಂಗೇ. ನೀವು ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ."

ಕಾರಣ ಹೇಳಲು ಬಾಯಿ ತುದಿಗೆ ಬಂದಿತ್ತು, ಸುಮ್ಮನಾದೆ. ಹತ್ತಿರದಲ್ಲಿದ್ದ ತಟ್ಟೆಯ ಮುಂದೆ ಕೂತು, ಪ್ರಾರ್ಥನೆ ಮುಗಿದ ಮೇಲೆ ಎಲ್ಲರೊಂದಿಗೆ ನಾನೂ ತೆಗೆದೆ. ನನಗೆ ಬಂದದ್ದು ಕುತ್ತಿಗೆ. ಒಂದು ಮೂಳೆಯನ್ನೂ ಬಿಡದೆ ತಿಂದೆ.